ಬಿಸಿಲ ನಾಡಿನಲ್ಲಿ ಎರಡನೇ ಎಂಜಿನ್

ಕಲಬುರಗಿಯ ಪದವಿ ಕಾಲೇಜೊಂದರ ಸಭಾಂಗಣದಲ್ಲಿ, ಏಪ್ರಿಲ್ ತಿಂಗಳ ಒಂದು ಸಂಜೆ, ಪೈಲಟ್ ತರಬೇತಿಗೆ ಸೇರಬೇಕೆಂದಿರುವ ಹುಡುಗ ಹುಡುಗಿಯರು ಮತ್ತು ಅವರ ಪಾಲಕರ ಎದುರು ಆಡಿದ ಮಾತಿದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ಶರಣು ಶರಣಾರ್ಥಿ.

ಒಳಗೆ ಬರುವ ಮುಂಚೆ ಹೊರಗೆ ಕೊಡದ ಹತ್ತಿರ ನೀರು ಕುಡಿಯುತ್ತ ನಿಂತಿದ್ದೆ. ಒಬ್ಬ ತಾಯಿ ಬಂದು ಕೇಳಿದರು: "ಸರ, ನಮ್ಮ ಹುಡುಗಿ ಪೈಲಟ್ ಆಗ್ತೀನಿ ಅಂತ ಹಟ ಹಿಡದಾಳ. ಒಂದೇ ಇಂಜಿನ್ ವಿಮಾನ ಅಂದ್ರ ನನ್ನ ಎದಿ ಝಲ್ ಅಂತದ. ಎರಡು ಇಂಜಿನ್ ಇದ್ದದ್ರಾಗ ಕೂತ್ರ ಅಂಜಿಕಿ ಇಲ್ಲಲ್ರಿ? ಒಂದು ಬಂದ್ ಆದ್ರೂ ಇನ್ನೊಂದು ಇರ್ತದಲ್ಲ?"

ಇವತ್ತು ಮಾತಾಡಲು ನಾನು ಒಪ್ಪಿಕೊಂಡ ವಿಷಯವೇ ಅದು. ಆ ತಾಯಿಯ ಪ್ರಶ್ನೆ ಸಣ್ಣದಲ್ಲ. ಸಣ್ಣ ವಿಮಾನ ಎಂದರೆ ಕನ್ನಡಿಗರ ಕಣ್ಣ ಮುಂದೆ ಮೊದಲು ಬರುವುದು 2004ರ ಏಪ್ರಿಲ್ 17. ಜಕ್ಕೂರಿನಿಂದ ಕರೀಂನಗರದ ಚುನಾವಣಾ ಪ್ರಚಾರಕ್ಕೆ ಹೊರಟ ಸೆಸ್ನಾ 180 ವಿಮಾನ ಏರಿದ ಸ್ವಲ್ಪ ಹೊತ್ತಿಗೇ ಬಿದ್ದು ನಟಿ ಸೌಂದರ್ಯ ಮತ್ತು ಜೊತೆಗಿದ್ದ ಮೂವರು ತೀರಿಕೊಂಡರು. ಅದು ಒಂದೇ ಎಂಜಿನ್ನಿನ ವಿಮಾನ. ಅವತ್ತಿನಿಂದ ಎಷ್ಟೋ ಜನ ನನ್ನನ್ನು ಇದೇ ಮಾತು ಕೇಳಿದ್ದಾರೆ: ಎರಡು ಎಂಜಿನ್ ಇದ್ದಿದ್ದರೆ?

ನಾನು ಪೈಲಟ್ ಅಲ್ಲ. ವಾಯುಪಡೆಯಲ್ಲಿ 20 ವರ್ಷ ಎಂಜಿನ್ ಫಿಟ್ಟರ್ ಆಗಿದ್ದವನು. ಅದರಲ್ಲಿ ಹೆಚ್ಚಿನ ಕಾಲ ಡಾರ್ನಿಯರ್ 228 ಎಂಬ ಎರಡು ಎಂಜಿನ್ನಿನ ಸಣ್ಣ ವಿಮಾನದ ಕೆಳಗೆ, ಕೈಗೆ ಎಣ್ಣೆ ಬಳಿದುಕೊಂಡು ಕಳೆದಿದ್ದೇನೆ. ಅದರಿಂದ ನನಗೆ ಗೊತ್ತಾದದ್ದನ್ನು ನೇರವಾಗಿ ಹೇಳುತ್ತೇನೆ. ಸಣ್ಣ ವಿಮಾನಕ್ಕೆ ಎರಡನೇ ಎಂಜಿನ್ ತಾನಾಗಿ ಪ್ರಾಣ ಉಳಿಸುವುದಿಲ್ಲ. ಅದು ಪೈಲಟ್ಟನ ಕೈಗೆ ಇನ್ನೊಂದು ದಾರಿ ಕೊಡುತ್ತದೆ. ಆ ದಾರಿ ಹಿಡಿಯಲು ಕಲಿತಿರಬೇಕು, ಅವತ್ತಿನ ಬಿಸಿಲೂ ಒಪ್ಪಬೇಕು.

ಬೀದರಿನವರು ಮುಂದಿನ ಸಾಲಿನಲ್ಲೇ ಕೂತಿದ್ದೀರಿ. ನಿಮ್ಮ ಮನೆ ಮಾಳಿಗೆಯ ಮೇಲೆ ಸದ್ದು ಮಾಡುತ್ತ ಹೋಗುವ, ವಾಯುಪಡೆಯ ಪೈಲಟ್ಟರಿಗೆ ಕಲಿಸುವ ಹಾಕ್ ವಿಮಾನಕ್ಕೆ ಎಷ್ಟು ಎಂಜಿನ್? ಒಂದೇ. ಅದಕ್ಕೂ ಮುಂಚೆ ದಶಕಗಟ್ಟಲೆ ಹಾರಿದ ಕಿರಣ್ ವಿಮಾನಕ್ಕೂ ಒಂದೇ. ಅವುಗಳಲ್ಲಿ ಪೈಲಟ್ಟನನ್ನು ಹೊರಗೆ ಚಿಮ್ಮಿಸುವ ಕುರ್ಚಿ ಇರುತ್ತದೆ, ಅದು ಬೇರೆ ಮಾತು. ಆದರೆ ಎಂಜಿನ್ ಎಣಿಸಿ ಸುರಕ್ಷತೆ ಅಳೆಯಬಾರದು ಅನ್ನುವುದಕ್ಕೆ ಬೀದರಿನ ಆಕಾಶವೇ ಸಾಕ್ಷಿ.

ಈಗ ಲೆಕ್ಕಕ್ಕೆ ಬರೋಣ. ಒಂದು ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುತ್ತಾರೆ, ತಿಂಗಳಿಗೆ ತಲಾ 30 ಸಾವಿರ. ಮನೆ ಖರ್ಚು 26 ಸಾವಿರ. ಉಳಿತಾಯ 34 ಸಾವಿರ. ಒಬ್ಬರ ಕೆಲಸ ಹೋಯಿತು. ಆದಾಯ ಅರ್ಧ ಆಯಿತು, ಸರಿ. ಆದರೆ ಉಳಿತಾಯ ಎಷ್ಟಾಯಿತು? 34ರಿಂದ 4 ಸಾವಿರಕ್ಕೆ ಇಳಿಯಿತು. ವಿಮಾನದಲ್ಲೂ ಇದೇ ಗಣಿತ. ಗಾಳಿಯಲ್ಲಿ ಮಟ್ಟಸವಾಗಿ ಹಾರುವುದಕ್ಕೇ ಇಷ್ಟು ಶಕ್ತಿ ಖರ್ಚಾಗುತ್ತದೆ, ಅದು ಮನೆ ಖರ್ಚು. ಮಿಕ್ಕದ್ದು ಮಾತ್ರ ಮೇಲೇರಲು ಸಿಗುತ್ತದೆ. ಒಂದು ಎಂಜಿನ್ ನಿಂತರೆ ಶಕ್ತಿ ಅರ್ಧ ಹೋಗುತ್ತದೆ, ಏರುವ ಬಲ ನೂರಕ್ಕೆ 80ಕ್ಕೂ ಹೆಚ್ಚು ಹೋಗುತ್ತದೆ. ಪೈಲಟ್ ತರಬೇತಿ ಶಾಲೆಯಲ್ಲಿ ಇದನ್ನು ಮೊದಲೇ ಹೇಳಿಕೊಡುತ್ತಾರೆ. ಆದರೆ ಪಾಲಕರಿಗೆ ಯಾರೂ ಹೇಳುವುದಿಲ್ಲ.

ಇಲ್ಲಿ ಕಲಬುರಗಿಯ ಬಿಸಿಲು ನಡುವೆ ಬರುತ್ತದೆ. ಗಾಳಿ ಕಾದಷ್ಟೂ ತೆಳ್ಳಗಾಗುತ್ತದೆ. ತೆಳ್ಳಗಾದ ಗಾಳಿಯಲ್ಲಿ ರೆಕ್ಕೆಗೆ ಹಿಡಿತ ಕಡಿಮೆ, ಎಂಜಿನ್ನಿಗೆ ಉಸಿರು ಕಡಿಮೆ, ಪ್ರೊಪೆಲ್ಲರಿಗೆ ಕಚ್ಚಲು ಗಾಳಿ ಕಡಿಮೆ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 1,500 ಅಡಿ ಎತ್ತರದಲ್ಲಿದೆ. ಬೇಸಿಗೆಯ ಮಧ್ಯಾಹ್ನ 43 ಡಿಗ್ರಿ ಇದ್ದಾಗ ಲೆಕ್ಕ ಹಾಕಿ ನೋಡಿ, ವಿಮಾನಕ್ಕೆ ನಮ್ಮ ರನ್‌ವೇ 5,200 ಅಡಿ ಎತ್ತರದ ಬೆಟ್ಟದ ಮೇಲಿದ್ದಂತೆ ಅನಿಸುತ್ತದೆ. ಬೀದರ್ ನಮಗಿಂತ ಎತ್ತರ, ಸುಮಾರು 2,180 ಅಡಿ. ಅಲ್ಲಿ 40 ಡಿಗ್ರಿಗೇ 5,700 ಅಡಿ ದಾಟುತ್ತದೆ.

ಈ ಅಂಕಿಯನ್ನು ಇನ್ನೊಂದರ ಪಕ್ಕ ಇಡಿ. ಪ್ರಪಂಚದ ಎಷ್ಟೋ ಶಾಲೆಗಳಲ್ಲಿ ಎರಡು ಎಂಜಿನ್ ಕಲಿಸಲು ಬಳಸುವ ಪೈಪರ್ ಸೆಮಿನೋಲ್ ವಿಮಾನವಿದೆ. ತಲಾ 180 ಅಶ್ವಶಕ್ತಿಯ ಎರಡು ಎಂಜಿನ್. ಪೂರ್ತಿ ಭಾರ ಹೊತ್ತು, ಒಂದೇ ಎಂಜಿನ್ ಮೇಲೆ, ನಿಮಿಷಕ್ಕೆ 50 ಅಡಿಯಷ್ಟಾದರೂ ಏರುವ ತಾಕತ್ತು ಅದಕ್ಕೆ ಇರುವುದು 4,000 ಅಡಿಯ ಆಸುಪಾಸಿನವರೆಗೆ. ಅದರ ಮೇಲೆ ಆ ತಾಕತ್ತು ಸೋರುತ್ತ ಹೋಗುತ್ತದೆ. ಅಂದರೆ ಮೇ ತಿಂಗಳ ಮಧ್ಯಾಹ್ನ, ತುಂಬಿದ ವಿಮಾನ, ಶ್ರೀನಿವಾಸ ಸರಡಗಿಯಲ್ಲಿರುವ ನಮ್ಮ ವಿಮಾನ ನಿಲ್ದಾಣದ ರನ್‌ವೇ ಬಿಟ್ಟು ಎದ್ದ ಗಳಿಗೆಯಲ್ಲಿ ಒಂದು ಎಂಜಿನ್ ನಿಂತರೆ, ಉಳಿದ ಎಂಜಿನ್ ಅದನ್ನು ಮೇಲಕ್ಕೆ ಒಯ್ಯುತ್ತದೆ ಅನ್ನುವ ಭರವಸೆ ಇಲ್ಲ. ಮನೆ ಲೆಕ್ಕಕ್ಕೆ ಮರಳಿ ಹೇಳುವುದಾದರೆ, ಬಿಸಿಲು ಇಬ್ಬರ ಸಂಬಳವನ್ನೂ ಕತ್ತರಿಸಿ 25 ಸಾವಿರಕ್ಕೆ ಇಳಿಸಿತು. ಖರ್ಚು 26 ಸಾವಿರವೇ. ಒಬ್ಬರೇ ದುಡಿದರೆ ತಿಂಗಳಿಗೆ ಸಾವಿರ ರೂಪಾಯಿ ಸಾಲ. ವಿಮಾನದ ಸಾಲ ಎಂದರೆ ಎತ್ತರ ಕಳೆದುಕೊಳ್ಳುವುದು.

ಅದೇ ದಿನ ಬೆಳಗ್ಗೆ 6 ಗಂಟೆಗೆ 28 ಡಿಗ್ರಿ ಇದ್ದರೆ? ಲೆಕ್ಕ 3,400 ಅಡಿಗೆ ಬರುತ್ತದೆ. ಅದೇ ವಿಮಾನ, ಅದೇ ರನ್‌ವೇ, ಆದರೆ ಈಗ ಒಂದು ಎಂಜಿನ್ ಮೇಲೂ ನಿಧಾನವಾಗಿ ಏರಬಹುದು. ಟ್ಯಾಂಕ್ ಅರ್ಧ ಮಾತ್ರ ತುಂಬಿ, ಹಿಂದಿನ ಸೀಟು ಖಾಲಿ ಬಿಟ್ಟರೆ ಇನ್ನೂ ಚಲೋ. ಡೈಮಂಡ್ ಡಿಎ42ರಂಥ ಎರಡು ಎಂಜಿನ್ನಿನ ವಿಮಾನಗಳ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇರುವುದರಿಂದ ಬಿಸಿಲು ಅವುಗಳ ಉಸಿರನ್ನು ಅಷ್ಟು ಕಟ್ಟುವುದಿಲ್ಲ. ಮಗಳನ್ನು ಶಾಲೆಗೆ ಸೇರಿಸುವ ಮುಂಚೆ "ನಿಮ್ಮಲ್ಲಿ ಎಷ್ಟು ವಿಮಾನ ಇವೆ" ಎಂದು ಕೇಳುತ್ತೀರಿ. ಅದರ ಜೊತೆಗೆ "ಏಪ್ರಿಲ್, ಮೇನಲ್ಲಿ ಎರಡು ಎಂಜಿನ್ನಿನ ಪಾಠ ಎಷ್ಟು ಗಂಟೆಗೆ ಮಾಡುತ್ತೀರಿ" ಎಂದೂ ಕೇಳಿ. ಉತ್ತರ ಹೇಳುವವರ ಮುಖ ನೋಡಿದರೇ ಶಾಲೆ ಎಂಥದ್ದು ಎಂದು ತಿಳಿಯುತ್ತದೆ.

ಕಾನೂನು ಇದನ್ನು ತಡೆಯುವುದಿಲ್ಲವೇ ಎಂದು ನೀವು ಕೇಳಬಹುದು. ಈ ವಿಮಾನಗಳಲ್ಲಿ ಬಹುಪಾಲು ಅಮೆರಿಕದಲ್ಲಿ, ಅಲ್ಲಿನ ಹಳೆಯ ನಿಯಮಗಳ ಅಡಿ ಒಪ್ಪಿಗೆ ಪಡೆದವು. ಆ ನಿಯಮದ ಪ್ರಕಾರ 6,000 ಪೌಂಡ್, ಅಂದರೆ ಸುಮಾರು 2,700 ಕೆ.ಜಿ. ಒಳಗಿನ, ನಿಧಾನಕ್ಕೆ ಇಳಿಯಬಲ್ಲ ಎರಡು ಎಂಜಿನ್ನಿನ ವಿಮಾನ ಒಂದು ಎಂಜಿನ್ ಮೇಲೆ ಏರಲೇಬೇಕು ಎಂದಿರಲಿಲ್ಲ. ಎಷ್ಟು ಏರುತ್ತದೆ ಅಥವಾ ಎಷ್ಟು ಇಳಿಯುತ್ತದೆ ಎಂದು ಅಳೆದು ಬರೆದರೆ ಸಾಕಿತ್ತು. ದೊಡ್ಡ ಪ್ರಯಾಣಿಕ ವಿಮಾನದ ಕಥೆ ಬೇರೆ. ಬೆಂಗಳೂರಿಗೆ ಹೋಗುವ ವಿಮಾನದ ಒಂದು ಎಂಜಿನ್ ಏರುವಾಗಲೇ ನಿಂತರೂ ಅದು ಏರಲೇಬೇಕು, ಆ ಪರೀಕ್ಷೆ ಪಾಸಾಗದೆ ಅದಕ್ಕೆ ಪರವಾನಗಿಯೇ ಇಲ್ಲ. ಆ ತಾಯಿ ದೊಡ್ಡ ವಿಮಾನದ ಧೈರ್ಯವನ್ನು ಸಣ್ಣ ವಿಮಾನಕ್ಕೆ ಹಚ್ಚಿದ್ದರು. ತಪ್ಪು ಅವರದಲ್ಲ, ನಾವು ತಿಳಿದವರು ಬಿಡಿಸಿ ಹೇಳಿಲ್ಲ.

ಏರದಿದ್ದರೆ ಹೋಗಲಿ, ನಿಧಾನಕ್ಕೆ ಇಳಿದರಾಯಿತು. ಕೊಲ್ಲುವುದು ಅದಲ್ಲ. ಕೊಲ್ಲುವುದು ತಿರುಗುವಿಕೆ. ಜೋಡೆತ್ತಿನ ಬಂಡಿ ಹೊಡೆದವರಿಗೆ ಗೊತ್ತಿದೆ: ಎಡಗಡೆಯ ಎತ್ತು ಕುಸಿದರೆ, ಬಲಗಡೆಯದು ಜಗ್ಗುತ್ತಲೇ ಇದ್ದರೆ, ಬಂಡಿ ಎಡಕ್ಕೆ ಹೊರಳುತ್ತದೆ. ಬಲಗಡೆಯದು ಗಟ್ಟಿಯಾಗಿ ಜಗ್ಗಿದಷ್ಟೂ ಬೇಗ ಹೊರಳುತ್ತದೆ. ವಿಮಾನದ ಮೂತಿಯೂ ಹೀಗೆಯೇ ನಿಂತ ಎಂಜಿನ್ನಿನ ಕಡೆ ಎಳೆಯುತ್ತದೆ. ಅದನ್ನು ತಡೆಯುವುದು ಬಾಲದ ರಡ್ಡರ್, ಪೈಲಟ್ಟನ ಕಾಲ ಕೆಳಗಿನ ಪೆಡಲ್. ಆದರೆ ರಡ್ಡರಿಗೆ ಬಲ ಕೊಡುವುದು ಹರಿಯುವ ಗಾಳಿ. ವೇಗ ಒಂದು ಮಿತಿಗಿಂತ ಇಳಿದರೆ ಪೂರ್ತಿ ಪೆಡಲ್ ಒತ್ತಿದರೂ ಮೂತಿ ನಿಲ್ಲುವುದಿಲ್ಲ, ವಿಮಾನ ಮಗುಚುತ್ತದೆ. ಆ ಮಿತಿಯನ್ನು ವೇಗದ ಗಡಿಯಾರದ ಮೇಲೆ ಕೆಂಪು ಗೀಟಾಗಿ ಬರೆದಿರುತ್ತಾರೆ. ಸೆಮಿನೋಲ್‌ನಲ್ಲಿ ಅದು 56 ನಾಟ್, ಗಂಟೆಗೆ ಸುಮಾರು 104 ಕಿ.ಮೀ. ಒಂದೇ ಎಂಜಿನ್ ಮೇಲೆ ಇದ್ದುದರಲ್ಲಿ ಚೆನ್ನಾಗಿ ಏರುವ ವೇಗಕ್ಕೆ ನೀಲಿ ಗೀಟು, 88 ನಾಟ್. ಒಂದು ಎಂಜಿನ್ ನಿಂತ ಪೈಲಟ್ಟನಿಗೆ ನೀಲಿ ಗೀಟೇ ಜೀವ. ಎತ್ತರ ಬೇಕೆಂಬ ಆಸೆಗೆ ಮೂತಿ ಎತ್ತಿದ, ವೇಗ ನೀಲಿಯಿಂದ ಕೆಂಪಿಗೆ ಜಾರಿತು, ಮುಗಿಯಿತು. ಸಣ್ಣ ಜೋಡಿ ಎಂಜಿನ್ ವಿಮಾನಗಳ ಅಪಘಾತದ ಚರಿತ್ರೆಯಲ್ಲಿ ಈ ಒಂದು ಸಾಲು ಮತ್ತೆ ಮತ್ತೆ ಬರುತ್ತದೆ. ಒಂಟಿ ಎಂಜಿನ್ನಿನ ವಿಮಾನದಲ್ಲಿ ಎಂಜಿನ್ ನಿಂತರೆ ಪೈಲಟ್ಟನಿಗೆ ಅನುಮಾನವಿಲ್ಲ, ಇಳಿಯಲೇಬೇಕು, ಹೊಲ ಹುಡುಕುತ್ತಾನೆ, ರೆಕ್ಕೆ ಸಮವಾಗಿಟ್ಟು ಇಳಿಯುತ್ತಾನೆ. ಜೋಡಿ ಎಂಜಿನ್ನಿನವನು "ಇನ್ನೂ ಹಾರಬಹುದು" ಎಂಬ ಆಸೆಯಲ್ಲಿ ಹಾರಲಾರದ್ದನ್ನು ಹಾರಿಸಲು ಹೋಗುತ್ತಾನೆ. ಎಂಜಿನ್ ನಿಂತ ಮೇಲೆ ಆದ ಅಪಘಾತಗಳನ್ನಷ್ಟೇ ನೋಡಿದರೆ, ಅಪಘಾತ ಪ್ರಾಣ ತೆಗೆಯುವ ಪ್ರಮಾಣ ಜೋಡಿ ಎಂಜಿನ್ನಿನವುಗಳಲ್ಲೇ ಹೆಚ್ಚು ಇರುವುದು ಈ ಕಾರಣಕ್ಕೆ.

ಇದಕ್ಕೆ ಒಂದು ಹಳೆಯ ಪಾಠವಿದೆ. 1960ರ ದಶಕದಲ್ಲಿ ಪೈಪರ್ ಕಂಪನಿಯ ಟ್ವಿನ್ ಕಮ್ಯಾಂಚಿ ಬಂತು. ಸೊಗಸಾದ, ಕಡಿಮೆ ಇಂಧನ ಕುಡಿಯುವ ವಿಮಾನ, ಎರಡು ಎಂಜಿನ್ ಕಲಿಯಲು ಎಲ್ಲರೂ ಅದನ್ನೇ ಹಿಡಿದರು. ಆಮೇಲೆ ಒಂದರ ಹಿಂದೆ ಒಂದು ಬೀಳತೊಡಗಿದವು, ಅದೂ ಪಾಠದ ಹೊತ್ತಿನಲ್ಲೇ, ಪಕ್ಕದಲ್ಲಿ ಗುರು ಕೂತಿದ್ದಾಗಲೇ. ಅಂದಿನ ಪಾಠದ ಕ್ರಮ ಏನೆಂದರೆ, ಒಂದು ಎಂಜಿನ್ ತಗ್ಗಿಸಿ, ಕೆಂಪು ಗೀಟಿನ ತನಕ ವೇಗ ಇಳಿಸಿ, ಹಿಡಿತ ತಪ್ಪುವುದು ಹೇಗಿರುತ್ತದೆ ಎಂದು ತೋರಿಸುವುದು, ಅದೂ ನೆಲಕ್ಕೆ ಹತ್ತಿರದಲ್ಲಿ. ಮಗುಚಿದರೆ ಸರಿಪಡಿಸಲು ಎತ್ತರವೇ ಇರುತ್ತಿರಲಿಲ್ಲ. ಕೊನೆಗೆ ಕೆಂಪು ಗೀಟನ್ನು ಗಂಟೆಗೆ 80 ಮೈಲಿಯಿಂದ 90ಕ್ಕೆ ಏರಿಸಿದರು. 1970ರಲ್ಲಿ ಎರಡು ಪ್ರೊಪೆಲ್ಲರ್ ಒಂದಕ್ಕೊಂದು ಎದುರು ದಿಕ್ಕಿಗೆ ತಿರುಗುವ ಹೊಸ ಮಾದರಿ ತಂದರು. ಎರಡೂ ಒಂದೇ ದಿಕ್ಕಿಗೆ ತಿರುಗಿದರೆ ಎಡಗಡೆಯದು ನಿಂತಾಗ ಎಳೆತ ಹೆಚ್ಚು, ಎದುರುಬದುರು ತಿರುಗಿದರೆ ಆ ಭೇದವಿಲ್ಲ. ಸೆಮಿನೋಲ್, ಪೈಪರ್ ಕಂಪನಿಯದೇ ಆದ ಸೆನೆಕಾ, ಎರಡರಲ್ಲೂ ಈಗ ಅದೇ ಏರ್ಪಾಡು. ವಿಮಾನಕ್ಕೆ ಬಂದ ಕೆಟ್ಟ ಹೆಸರಿನಲ್ಲಿ ದೊಡ್ಡ ಪಾಲು ಕಲಿಸುವ ರೀತಿಯದಾಗಿತ್ತು ಎಂದು ನನ್ನ ತೀರ್ಮಾನ.

ಇಂದು ಆ ಪಾಠವನ್ನು ಎತ್ತರದಲ್ಲಿ ಮಾಡುತ್ತಾರೆ. ಆದರೆ ಅಲ್ಲೂ ಒಂದು ಸೂಕ್ಷ್ಮವಿದೆ, ನಮ್ಮ ಕಡೆಯ ಗುರುಗಳು ಇದನ್ನು ಮರೆಯಬಾರದು. ತೆಳ್ಳಗಿನ ಗಾಳಿಯಲ್ಲಿ ನಡೆಯುವ ಎಂಜಿನ್ನಿನ ಎಳೆತ ಕಡಿಮೆಯಾಗುವುದರಿಂದ ಹಿಡಿತ ತಪ್ಪುವ ವೇಗವೂ ಇಳಿಯುತ್ತದೆ. ರೆಕ್ಕೆ ಗಾಳಿ ಬಿಟ್ಟುಕೊಡುವ ವೇಗ, ಅಂದರೆ ಸ್ಟಾಲ್, ಗಡಿಯಾರದಲ್ಲಿ ಇದ್ದಲ್ಲೇ ಇರುತ್ತದೆ. ಸೆಮಿನೋಲ್‌ನಲ್ಲಿ ಫ್ಲ್ಯಾಪ್, ಅಂದರೆ ರೆಕ್ಕೆಯ ಹಿಂಬದಿಯ ಹಲಗೆ, ಮತ್ತು ಚಕ್ರ ಎತ್ತಿದಾಗ ಸ್ಟಾಲ್ 57 ನಾಟ್, ಕೆಂಪು ಗೀಟು 56. ಎಷ್ಟು ಹತ್ತಿರ ನೋಡಿ. ಕಾದ ಗಾಳಿಯಲ್ಲಿ ಹಿಡಿತ ತಪ್ಪುವ ಮುನ್ನವೇ ಸ್ಟಾಲ್ ಬರುತ್ತದೆ, ಒಂದು ಕಡೆ ಮಾತ್ರ ಎಂಜಿನ್ ಜಗ್ಗುತ್ತಿರುವಾಗ ಸ್ಟಾಲ್ ಆದರೆ ವಿಮಾನ ಬುಗುರಿಯಂತೆ ಸುತ್ತಬಹುದು. ಅದಕ್ಕೇ ತಿಳಿದ ಗುರು ಶಿಷ್ಯನ ಪೆಡಲಿಗೆ ತನ್ನ ಕಾಲು ಅಡ್ಡ ಕೊಟ್ಟು, ರಡ್ಡರ್ ಅರ್ಧದಲ್ಲೇ ಮುಗಿದಂತೆ ಮಾಡಿ, ಸ್ಟಾಲ್‌ನಿಂದ ದೂರದಲ್ಲೇ ಪಾಠ ತೋರಿಸುತ್ತಾನೆ.

ನಮ್ಮ ರಾಜ್ಯದಲ್ಲೇ ನಡೆದ ಒಂದು ದುಃಖದ ಘಟನೆ ಹೇಳಲೇಬೇಕು. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ರೂಪಿಸಿದ, 14 ಸೀಟಿನ, ಎರಡು ಎಂಜಿನ್ನಿನ ಸರಸ್ ವಿಮಾನ 2004ರಲ್ಲಿ ಮೊದಲು ಹಾರಿತು. 2009ರ ಮಾರ್ಚ್ 6ರಂದು ಅದರ ಎರಡನೇ ಮಾದರಿ ಬಿಡದಿ ಹತ್ತಿರ ಬಿದ್ದು ವಾಯುಪಡೆಯ ಮೂವರು ಅಧಿಕಾರಿಗಳು ತೀರಿಕೊಂಡರು. ಅವತ್ತು ಮಾಡುತ್ತಿದ್ದುದು ಒಂದು ಎಂಜಿನ್ನನ್ನು ಆಕಾಶದಲ್ಲೇ ನಿಲ್ಲಿಸಿ ಮತ್ತೆ ಚಾಲೂ ಮಾಡುವ ಪರೀಕ್ಷೆ. ಮತ್ತೆ ಚಾಲೂ ಮಾಡಲು ಹಾಕಿಕೊಟ್ಟ ವಿಧಾನವೇ ಸರಿಯಿರಲಿಲ್ಲ ಎಂದು ತನಿಖೆ ಹೇಳಿತು. ಆ ಸುದ್ದಿ ಬಂದ ದಿನ ನಾನು ಊಟ ಮಾಡಲಿಲ್ಲ. ನಿಂತ ಎಂಜಿನ್ನಿನ ಪ್ರೊಪೆಲ್ಲರ್ ಏನು ಮಾಡಬಲ್ಲದು ಎಂದು ಫಿಟ್ಟರಿಗೆ ಗೊತ್ತಿರುತ್ತದೆ. ಅದರ ಅಲಗುಗಳನ್ನು ಗಾಳಿಗೆ ಅಂಚು ಕೊಟ್ಟು ನಿಲ್ಲಿಸಬೇಕು, ಅದಕ್ಕೆ ಫೆದರ್ ಮಾಡುವುದು ಅನ್ನುತ್ತೇವೆ. ಹಾಗೆ ಮಾಡದೆ ಗಾಳಿಗೆ ತಾನೇ ಗಿರಗಿರ ತಿರುಗಲು ಬಿಟ್ಟರೆ ಅದು ದೊಡ್ಡ ಮುಚ್ಚಳವನ್ನು ಎದುರಿಗೆ ಹಿಡಿದಂತೆ, ವಿಮಾನವನ್ನು ಹಿಂದಕ್ಕೆ ಜಗ್ಗುತ್ತದೆ.

ಎರಡು ಎಂಜಿನ್ ಇದ್ದರೂ ಎರಡಕ್ಕೂ ಒಂದೇ ಬೇರು ಇರುವುದುಂಟು. 2007ರ ಮಾರ್ಚ್ 4ರಂದು ಜರ್ಮನಿಯ ಸ್ಪೇಯರ್‌ನಲ್ಲಿ ಒಂದು ಡಿಎ42 ವಿಮಾನದ ಬ್ಯಾಟರಿ ಇಳಿದುಹೋಗಿತ್ತು. ಹೊರಗಿನ ಕರೆಂಟ್ ಹಚ್ಚಿ ಚಾಲೂ ಮಾಡಿ ಹೊರಟರು. ಏರಿದ ಮೇಲೆ ಚಕ್ರ ಒಳಗೆ ಎಳೆದುಕೊಂಡಾಗ ಕರೆಂಟ್ ಕ್ಷಣಕಾಲ ಕುಸಿಯಿತು. ಎರಡೂ ಎಂಜಿನ್ನಿನ ಕಂಪ್ಯೂಟರುಗಳು ಒಟ್ಟಿಗೇ ಆರಿ ಮತ್ತೆ ಹತ್ತಿದವು, ಪ್ರೊಪೆಲ್ಲರುಗಳು ತಾವೇ ಫೆದರ್ ಆಗಿ ಎರಡೂ ಎಂಜಿನ್ ನಿಂತವು. ಇಂಧನವೂ ಹೀಗೆಯೇ. ಪೆಟ್ರೋಲ್ ಎಂಜಿನ್ನಿನ ವಿಮಾನಕ್ಕೆ ಜೆಟ್ ಇಂಧನ ತುಂಬಿದರೆ ಎರಡೂ ಒಟ್ಟಿಗೇ ನಿಲ್ಲುತ್ತವೆ. ಅದಕ್ಕೇ ವಿಮಾನದ ಪೆಟ್ರೋಲಿಗೆ ನೀಲಿ ಬಣ್ಣ ಹಾಕಿರುತ್ತಾರೆ, ಜೆಟ್ ಇಂಧನದ ನಳಿಕೆಯ ಬಾಯಿ ಅಗಲ ಮಾಡಿರುತ್ತಾರೆ. 2001ರ ಸೆಪ್ಟೆಂಬರ್ 30ರಂದು ಉತ್ತರಪ್ರದೇಶದ ಮೈನಪುರಿ ಹತ್ತಿರ ಕಾಂಗ್ರೆಸ್ ನಾಯಕ ಮಾಧವರಾವ್ ಸಿಂಧಿಯಾ ಇದ್ದ ವಿಮಾನ ಬಿದ್ದು ಎಂಟೂ ಜನ ಹೋದರು. ಅದೂ ಎರಡು ಎಂಜಿನ್ನಿನದೇ, ಅವತ್ತು ಹವೆ ಕೆಟ್ಟಿತ್ತು. ಮೋಡಕ್ಕೆ ಎಂಜಿನ್ನಿನ ಲೆಕ್ಕ ಬೇಕಿಲ್ಲ.

ನನ್ನ ಸೇವೆಯ ಎರಡನೇ ಮಳೆಗಾಲದ ಒಂದು ಬೆಳಗ್ಗೆ ಇನ್ನೂ ನೆನಪಿದೆ. ರಾತ್ರಿಯೆಲ್ಲ ಮಳೆ. ಬೆಳಗ್ಗೆ ಟ್ಯಾಂಕಿನ ತಳದಿಂದ ಗಾಜಿನ ಬಾಟಲಿಗೆ ಇಂಧನ ಇಳಿಸಿ ನೀರಿದೆಯೇ ನೋಡುವುದು ನನ್ನ ಕೆಲಸ. ಬಲಗಡೆಯದು ಶುದ್ಧವಾಗಿತ್ತು. ಎಡಗಡೆ ನೋಡದೆಯೇ ಎರಡಕ್ಕೂ ಸಹಿ ಹಾಕಲು ಪೆನ್ನು ತೆಗೆದೆ. ನಮ್ಮ ಸಾರ್ಜೆಂಟ್ ಬೈಯಲಿಲ್ಲ, ಬಾಟಲಿ ನನ್ನ ಕೈಗೇ ಕೊಟ್ಟು ಎಡಗಡೆಗೆ ಕರೆದುಕೊಂಡು ಹೋದರು. ತಳದಲ್ಲಿ ಎರಡು ಬೆರಳು ನೀರು. ಆ ಎರಡು ಬೆರಳನ್ನು ನಾನು ಇವತ್ತಿಗೂ ಮರೆತಿಲ್ಲ.

ಹಾಗಾದರೆ ಭರವಸೆ ಎಲ್ಲಿದೆ? ಮೊದಲನೆಯದು ನಮ್ಮ ರನ್‌ವೇ. 2019ರ ನವೆಂಬರ್ 22ರಂದು ಉದ್ಘಾಟನೆಯಾದ ನಮ್ಮ ವಿಮಾನ ನಿಲ್ದಾಣದ ರನ್‌ವೇ 3 ಕಿ.ಮೀ.ಗಿಂತ ಉದ್ದವಿದೆ. ಸಣ್ಣ ವಿಮಾನ ಅದರ ಕಾಲುಭಾಗದ ಸುಮಾರಿಗೆ ಎದ್ದುಬಿಡುತ್ತದೆ. ತುದಿಯಿಂದಲೇ ಓಟ ಶುರು ಮಾಡಿದರೆ, 50 ಅಡಿ ಎತ್ತರದಲ್ಲಿ ಎಂಜಿನ್ ನಿಂತರೂ ಮುಂದೆ ಇನ್ನೂ ರನ್‌ವೇ ಇರುತ್ತದೆ, ಎಂಜಿನ್ನಿನ ಶಕ್ತಿ ಏರಿಸಿ ಇಳಿಸುವ ಹಿಡಿಕೆ, ಅಂದರೆ ಥ್ರಾಟಲ್, ಎರಡನ್ನೂ ಹಿಂದಕ್ಕೆಳೆದು ಅಲ್ಲೇ ಇಳಿಯಬಹುದು. ನಡುವಿನಿಂದ ಹತ್ತಿ ಓಡುವ ಅವಸರ ಮಾಡಿದರೆ ಆ ಉದ್ದವನ್ನು ಸುಮ್ಮನೆ ಬಿಟ್ಟುಕೊಟ್ಟಂತೆ. ಇನ್ನೊಂದು, ಬಾಯಿಬಿಟ್ಟು ಹೇಳುವ ಅಭ್ಯಾಸ. ಓಟ ಶುರು ಮಾಡುವ ಮುನ್ನ ಪೈಲಟ್ ಜೋರಾಗಿ ಹೇಳಬೇಕು: ಚಕ್ರ ಎತ್ತುವ ಮುಂಚೆ ಎಂಜಿನ್ ನಿಂತರೆ ಎರಡನ್ನೂ ತಗ್ಗಿಸಿ ನೇರ ಇಳಿಯುತ್ತೇನೆ. ಚಕ್ರ ಎತ್ತಿದ ಮೇಲೆ, ನೀಲಿ ಗೀಟು ಇದ್ದು ಏರುತ್ತಿದ್ದರೆ ಮಾತ್ರ ಮುಂದುವರಿಯುತ್ತೇನೆ. ನಿಂತದ್ದು ಯಾವ ಎಂಜಿನ್ ಎಂದು ಕಾಲಿನಿಂದ ಗುರುತಿಸುತ್ತೇನೆ, ಯಾವ ಕಾಲಿಗೆ ಕೆಲಸವಿಲ್ಲವೋ ಆ ಕಡೆಯ ಎಂಜಿನ್ ಸತ್ತಿದೆ. ಇದನ್ನು ಪ್ರತಿ ಸಲ, ನೂರನೇ ಸಲವೂ ಹೇಳಬೇಕು. ನಡೆಯುತ್ತಿರುವ ಎಂಜಿನ್ನನ್ನೇ ಗಾಬರಿಯಲ್ಲಿ ನಿಲ್ಲಿಸಿದವರೂ ಇದ್ದಾರೆ.

ಮಾತು ಮುಗಿದ ಮೇಲೆ ಆಳಂದ ಕಡೆಯ ಹುಡುಗನೊಬ್ಬ ಕೇಳಿದ: "ಸರ, ಲೈಸೆನ್ಸಿಗೆ 200 ತಾಸು ಹಾರಬೇಕಂತ. ಅದರಾಗ ಎರಡು ಇಂಜಿನ್ ಬರೇ 15 ತಾಸು ಅಂತಾರ. ಸಾಕಾಗ್ತದೇನ್ರಿ?"

ಪರವಾನಗಿಗೆ ಸಾಕು, ತಮ್ಮಾ, ಕೈಗೆ ಸಾಲದು. ಸಿಮ್ಯುಲೇಟರ್, ಅಂದರೆ ನೆಲದ ಮೇಲೇ ಹಾರಾಟದ ಅಭ್ಯಾಸ ಮಾಡಿಸುವ ಯಂತ್ರ, ಇರುವ ಶಾಲೆ ಹುಡುಕು. ನೆಲದಿಂದ 200 ಅಡಿಯಲ್ಲಿ ಎಂಜಿನ್ ನಿಲ್ಲುವುದನ್ನು ನಿಜವಾದ ವಿಮಾನದಲ್ಲಿ ಕಲಿಯಬಾರದು, ಸಿಮ್ಯುಲೇಟರಿನಲ್ಲಿ ಐವತ್ತು ಸಲ ಸತ್ತು ಕಲಿಯಬಹುದು. ಆ ಸಾವಿಗೆ ಮಣ್ಣು ಹಾಕಬೇಕಾಗಿಲ್ಲ.

ಕೊನೆಗೆ ಸರಡಗಿ ಕಡೆಯ ಒಬ್ಬ ಹಿರಿಯರು ಎದ್ದು ನಿಂತರು. "ನಮ್ಮ ಹೊಲ ಏರ್‌ಪೋರ್ಟಿನ ಬಾಜೂಕೇ ಅದ. ತೊಗರಿ ಎದೆಮಟ ಬಂದಾಗ ವಿಮಾನ ಬಂದು ಬಿದ್ರ ನಾವೇನ್ ಮಾಡಬೇಕ್ರಿ?"

ಇಷ್ಟು ದಿನ ನನಗೆ ಯಾರೂ ಕೇಳದ ಪ್ರಶ್ನೆ. ಯಜಮಾನರೇ, ತೊಗರಿ ಹೊಲದಲ್ಲಿ ರೆಕ್ಕೆ ಸಮವಾಗಿಟ್ಟು ಇಳಿದ ವಿಮಾನದವರು ಬದುಕುವ ಸಾಧ್ಯತೆ ಹೆಚ್ಚು, ನಿಮ್ಮ ಬೆಳೆಯೇ ಅದನ್ನು ತಡೆದು ನಿಲ್ಲಿಸುತ್ತದೆ. ಓಡಿ ಹೋಗಿ, ಆದರೆ ಗಾಳಿ ಬೀಸುವ ಕಡೆಯಿಂದ ಹೋಗಿ, ಹೊಗೆ ನಿಮ್ಮ ಮುಖಕ್ಕೆ ಬರಬಾರದು. ಬೀಡಿ ಆರಿಸಿ, ಯಾರಿಗೂ ಹಚ್ಚಲು ಬಿಡಬೇಡಿ. ಪ್ರೊಪೆಲ್ಲರ್ ನಿಂತಿದ್ದರೂ ಮುಟ್ಟಬೇಡಿ, ಅದರ ಎದುರಿಗೆ ನಿಲ್ಲಬೇಡಿ, ಹಿಂದಿನ ಕಡೆಯಿಂದ ಬಾಗಿಲಿಗೆ ಹೋಗಿ. ಬೆಂಕಿ ಇಲ್ಲದಿದ್ದರೆ ಒಳಗಿನವರನ್ನು ಜಗ್ಗಬೇಡಿ, ಬೆನ್ನು ಮುರಿದಿರಬಹುದು, ಮಾತಾಡಿಸುತ್ತ ಇರಿ. ಬೆಂಕಿ ಕಂಡರೆ ಬೆಲ್ಟ್ ಕೊಯ್ದಾದರೂ ಎಳೆದು ತನ್ನಿ. 112ಕ್ಕೆ ಫೋನ್ ಮಾಡಿ, ಊರಿನ ಹೆಸರಿನ ಜೊತೆ ಯಾವ ದಾರಿಯಿಂದ ಗಾಡಿ ಒಳಗೆ ಬರುತ್ತದೆ ಎಂದೂ ಹೇಳಿ. ಮಳೆಗಾಲದ ಎರೆಮಣ್ಣಿನಲ್ಲಿ ಆಂಬ್ಯುಲೆನ್ಸ್ ಹೂತುಕೊಳ್ಳುತ್ತದೆ, ಟ್ರ್ಯಾಕ್ಟರ್ ತಯಾರಿಟ್ಟುಕೊಳ್ಳಿ.

ಅವರು ತಲೆಯಾಡಿಸಿ, ಪಕ್ಕದಲ್ಲಿದ್ದ ಮೊಮ್ಮಗನಿಗೆ ಅದನ್ನೆಲ್ಲ ಫೋನಿನಲ್ಲಿ ಬರೆದಿಟ್ಟುಕೊಳ್ಳಲು ಹೇಳಿದರು.